ಹದಿನೆಂಟರ ಹುಡುಗನಿಗೆ ಎಷ್ಟನೇ ನಂಬರು?

ಹೋದ ಸಲ ರಜೆಗೆ ಮಂಜೇಶ್ವರಕ್ಕೆ ಬಂದಾಗ ಯುವಜನರ ಕೂಟದಲ್ಲಿ ನಿಮ್ಮಲ್ಲಿ ತುಂಬಾ ಮಂದಿ ಕೇಳಿದ್ದು ಒಂದೇ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ನೋಡಲು ಹೋಗ್ತೀರಾ? ನಮ್ಮ ಉತ್ತರ ಕೇಳಿ ಹಲವರ ಮುಖ ಸಣ್ಣದಾಯಿತು. ನಾವು ಅಕ್ಕ-ತಮ್ಮ ಇರುವುದು ಜಿಲಾಂಗ್‌ನಲ್ಲಿ, ಮೆಲ್ಬರ್ನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಜನ ಮಾತಾಡುವುದು 'ಫೂಟಿ' ಒಂದನ್ನೇ. ಫೂಟಿ ಅಂದರೆ ನಮ್ಮ ಸೆವೆನ್ಸ್ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಋತು ಮುಗಿದರೂ ಮಾತು ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಡ್ರಾಫ್ಟ್ ಬರುತ್ತದೆ. ಯಾವ ಹುಡುಗ ಯಾವ ಕ್ಲಬ್ಬಿಗೆ, ಎಷ್ಟನೇ ನಂಬರಿಗೆ ಎಂದು ಊರಿಗೆ ಊರೇ ಲೆಕ್ಕ ಹಾಕುತ್ತದೆ. ಅದರ ಬಗ್ಗೆ ಬರೆಯಿರಿ ಎಂದು ನೀವು ಹೇಳಿದ್ದಿರಿ. ಬರೆಯುತ್ತಿದ್ದೇವೆ. ಆದರೆ ಆಟಕ್ಕಿಂತ ಹೆಚ್ಚಾಗಿ ಆ ಹುಡುಗರ ಬಗ್ಗೆ.

ಮೊದಲು ಆಟ ಸ್ವಲ್ಪ ಹೇಳಿಬಿಡುತ್ತೇವೆ. ಚೆಂಡೂ ಮೊಟ್ಟೆಯಾಕಾರ, ಮೈದಾನವೂ ಮೊಟ್ಟೆಯಾಕಾರ. ಒಂದು ತಂಡದಿಂದ ಮೈದಾನದಲ್ಲಿ 18 ಮಂದಿ. ತುದಿಯಲ್ಲಿ ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೆ 'ಬಿಹೈಂಡ್', 1 ಅಂಕ. ಕನಿಷ್ಠ 15 ಮೀಟರ್ ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು 'ಮಾರ್ಕ್'. ಹಿಡಿದವನು ನಿಂತು, ಉಸಿರು ತೆಗೆದುಕೊಂಡು, ಗುರಿಯಿಟ್ಟು ಒದೆಯಬಹುದು.

ಈ ಮಾರ್ಕ್ ಹಿಡಿಯುವುದೇ 'ಕೀ ಫಾರ್ವರ್ಡ್' ಎಂಬವನ ಕೆಲಸ. ಗೋಲಿನ ಮುಂದೆ ನಿಲ್ಲುವ ಎತ್ತರದ ಆಳು. ಸುಮಾರು ಆರೂವರೆ ಅಡಿ ಇರುತ್ತಾನೆ. ದೂರದಿಂದ ಚೆಂಡು ಮೇಲೆ ತೇಲಿ ಬರುತ್ತದೆ, ಇಬ್ಬರು ಮೂವರು ಬೆನ್ನಿಗೆ ಬಿದ್ದಿರುತ್ತಾರೆ, ಇವನು ಅವರ ಮಧ್ಯದಿಂದ ಹಾರಿ ಎರಡೂ ಕೈಯಲ್ಲಿ ಹಿಡಿಯಬೇಕು. ನಮ್ಮ ಕಡೆ ವಾಲಿಬಾಲ್ ಆಡುವವರಿಗೆ ಇದು ಬೇಗ ಅರ್ಥವಾದೀತು. ನೆಟ್ ಮೇಲೆ ಹಾರುವಾಗ ಎದುರಿನವನು ನಿಮ್ಮ ಪಕ್ಕೆಲುಬಿಗೆ ಮೊಣಕಾಲು ಹಾಕುತ್ತಾನೆ ಎಂದು ಊಹಿಸಿಕೊಳ್ಳಿ. ಹಾಗೆ ಹಿಡಿಯಬಲ್ಲವರು ಕಡಿಮೆ. ಆದ್ದರಿಂದಲೇ ಇಂಥ ಹುಡುಗನೊಬ್ಬ ಕಂಡರೆ ಕ್ಲಬ್ಬುಗಳು ಬಿಡುವುದಿಲ್ಲ.

ಡ್ರಾಫ್ಟ್‌ನ ನಿಯಮ ಸರಳ. ಆ ವರ್ಷ ಪಟ್ಟಿಯ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಕೊನೆಯದು. ನಡುವೆ ಅದಲು ಬದಲು, ವ್ಯಾಪಾರ ಎಲ್ಲ ಉಂಟು. ಆಯ್ಕೆಗೆ ಬರುವ ಹೆಚ್ಚಿನ ಹುಡುಗರು ಆ ವರ್ಷ 18 ತುಂಬುವವರು, ಅಂದರೆ ಇಲ್ಲಿನ ಹನ್ನೆರಡನೇ ತರಗತಿ ಪರೀಕ್ಷೆ ಬರೆಯುತ್ತಿರುವವರು. ಯಾವ ಊರಿಗೆ ಹೋಗಬೇಕೆಂದು ಅವರನ್ನು ಯಾರೂ ಕೇಳುವುದಿಲ್ಲ. ಜಿಲಾಂಗ್‌ನ ಹುಡುಗನ ಹೆಸರನ್ನು ಪರ್ತ್‌ನ ಕ್ಲಬ್ ಕೂಗಿದರೆ ಅವನು ಪರ್ತ್‌ಗೆ ಹೊರಡಬೇಕು, ವಿಮಾನದಲ್ಲಿ ನಾಲ್ಕು ಗಂಟೆ ದೂರ. ಇದನ್ನು ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಮ್ಮ ಅಮ್ಮ, "ಮದುವೆ ಮಾಡಿ ಕೊಟ್ಟ ಹಾಗಾಯಿತಲ್ಲ" ಎಂದರು.

ನಮ್ಮಲ್ಲಿ ದೊಡ್ಡವಳು ಇಲ್ಲಿ ವೃದ್ಧರ ಆರೈಕೆ ಮನೆಯಲ್ಲಿ ನರ್ಸ್. ಫೂಟಿಯ ಪಾಠ ನಮಗೆ ಆದದ್ದು ಅಲ್ಲಿನ ಅಜ್ಜಂದಿರಿಂದ. ಔಷಧಿ ಕೊಡಲು ಹೋದರೆ ಒಬ್ಬರು 2006ರ ಡ್ರಾಫ್ಟ್‌ನ ಕತೆ ತೆಗೆಯುತ್ತಿದ್ದರು. ಮಾತ್ರೆ ನುಂಗಲು ಹತ್ತು ನಿಮಿಷ, ಕತೆಗೆ ಇಪ್ಪತ್ತು. ಆ ಕತೆ ನಿಮಗೂ ಹೇಳಲೇಬೇಕು, ಯಾಕೆಂದರೆ ಹುಡುಗರನ್ನು ಹೋಲಿಸುವ ಈ ವ್ಯವಹಾರ ಎಷ್ಟು ಕಷ್ಟ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ.

ಆ ವರ್ಷ ಎತ್ತರದ ಮುಂಪಡೆ ಹುಡುಗರು ಸಾಲಾಗಿ ಇದ್ದರು. 2ನೇ ನಂಬರಿಗೆ ಎಸೆಂಡನ್ ಕ್ಲಬ್ ತೆಗೆದುಕೊಂಡದ್ದು ಪಶ್ಚಿಮ ಆಸ್ಟ್ರೇಲಿಯಾದ ಸ್ಕಾಟ್ ಗಂಬಲ್ಟನ್‌ನನ್ನು. 3ನೇ ನಂಬರಿಗೆ ನಾರ್ತ್ ಮೆಲ್ಬರ್ನ್ ಲಾಕ್ಲನ್ ಹ್ಯಾನ್ಸನ್‌ನನ್ನು. 6ನೇ ನಂಬರಿಗೆ ಹಾಥಾರ್ನ್ ತಾಸ್ಮೇನಿಯಾದ ಮಿಚ್ ಥಾರ್ಪ್‌ನನ್ನು. ಅದೇ ದ್ವೀಪದ ಇನ್ನೊಬ್ಬ ಹುಡುಗ ಜ್ಯಾಕ್ ರೀವೋಲ್ಟ್ 13ನೇ ನಂಬರಿಗೆ ರಿಚ್ಮಂಡ್‌ಗೆ ಹೋದ. ಬ್ಯಾಸ್ಕೆಟ್‌ಬಾಲ್ ಆಡಿಕೊಂಡಿದ್ದ ಕರ್ಟ್ ಟಿಪೆಟ್ 32ನೇ ನಂಬರಿಗೆ ಅಡಿಲೇಡ್‌ಗೆ. 41ನೇ ನಂಬರಿನಲ್ಲಿ ನಮ್ಮ ಜಿಲಾಂಗ್‌ಗೆ ಬಂದವನು ಟಾಮ್ ಹಾಕಿನ್ಸ್.

ಹಾಕಿನ್ಸ್ ಅಷ್ಟು ಕೆಳಗೆ ಬಂದದ್ದು ಯಾರೂ ಅವನನ್ನು ಮೆಚ್ಚದ್ದಕ್ಕಲ್ಲ. ಇಲ್ಲಿ 'ತಂದೆ-ಮಗ ನಿಯಮ' ಎಂಬುದೊಂದಿದೆ. ಅಪ್ಪ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಗನನ್ನು ಆ ಕ್ಲಬ್ ಮೊದಲು ಕೇಳಬಹುದು. ಟಾಮ್‌ನ ಅಪ್ಪ ಜ್ಯಾಕ್ ಹಾಕಿನ್ಸ್ ಜಿಲಾಂಗ್‌ನ ಹಳೆಯ ಆಟಗಾರ. ಆಗಿನ ಲೆಕ್ಕದಲ್ಲಿ ಅಂಥ ಮಗನಿಗೆ ಕ್ಲಬ್ ಕೊಡಬೇಕಾದದ್ದು ಮೂರನೇ ಸುತ್ತಿನ ಒಂದು ಆಯ್ಕೆ ಮಾತ್ರ. ಇದು ತೀರಾ ಅಗ್ಗವಾಯಿತು ಎಂದು ಬೇರೆಯವರು ಗೊಣಗಿದರು. ಮರುವರ್ಷದಿಂದ ನಿಯಮ ಬದಲಾಯಿತು, ಬೇರೆ ಕ್ಲಬ್ ಹರಾಜು ಕೂಗಿದ ಹಾಗೆ ಕೂಗಿದರೆ ಅದಕ್ಕೆ ಸರಿಯಾದ ಬೆಲೆ ಕೊಡಬೇಕು. ಅಜ್ಜಂದಿರಿಗೆ ಈ ಭಾಗ ಹೇಳುವಾಗ ಬರುವ ನಗು ನೀವು ನೋಡಬೇಕಿತ್ತು. ಅವರು ತಾವೇ ಸಂತೆಯಲ್ಲಿ ಚೌಕಾಸಿ ಮಾಡಿ ಗೆದ್ದ ಹಾಗೆ.

ಮುಂದೇನಾಯಿತು ಕೇಳಿ. ಗಂಬಲ್ಟನ್‌ನ ಬೆನ್ನು, ತೊಡೆಯ ಸ್ನಾಯು ಒಂದರ ಹಿಂದೆ ಒಂದು ಕೈಕೊಟ್ಟವು. ಏಳು ವರ್ಷದಲ್ಲಿ 35 ಪಂದ್ಯ. ಆಮೇಲೆ ಫ್ರೀಮ್ಯಾಂಟಲ್ ಕ್ಲಬ್ಬಿಗೆ ಹೋದ. ಅಲ್ಲಿ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡದೆ 2014ರಲ್ಲಿ ನಿವೃತ್ತನಾದ. ಥಾರ್ಪ್ ಹಾಥಾರ್ನ್‌ಗೆ ಆಡಿದ್ದು 2 ಪಂದ್ಯ. ಹೌದು, ಎರಡೇ. ಅವನ ನಂತರ ಆರು ಹೆಸರು ದಾಟಿ ಕೂಗಿದ ಜ್ಯಾಕ್ ರೀವೋಲ್ಟ್ ರಿಚ್ಮಂಡ್‌ಗೆ 347 ಪಂದ್ಯ ಆಡಿ 787 ಗೋಲ್ ಹೊಡೆದ. ಋತುವಿನಲ್ಲಿ ಅತಿ ಹೆಚ್ಚು ಗೋಲ್ ಹೊಡೆದವನಿಗೆ ಕೊಡುವ ಕೋಲ್ಮನ್ ಪದಕ ಮೂರು ಸಲ ಪಡೆದ. 2017, 2019, 2020ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದ. ಹಾಕಿನ್ಸ್ ಜಿಲಾಂಗ್‌ಗೆ 359 ಪಂದ್ಯ, 796 ಗೋಲ್. 2009, 2011, 2022ರ ಕಪ್. 2024ರಲ್ಲಿ ಬೂಟು ಕಳಚಿದ.

787 ಮತ್ತು 796. ಒಂದೇ ವರ್ಷ ಹುಟ್ಟಿದ, ಒಂದೇ ದಿನ ಆಯ್ಕೆಯಾದ ಇಬ್ಬರ ನಡುವೆ ಹದಿನೇಳು ಹದಿನೆಂಟು ವರ್ಷ ಕಳೆದ ಮೇಲೆ ಉಳಿದ ಅಂತರ ಒಂಬತ್ತು ಗೋಲು. ಹಾಕಿನ್ಸ್‌ನ ಮೊದಲ ಕೆಲವು ವರ್ಷ ಹೇಳಿಕೊಳ್ಳುವಂತಿರಲಿಲ್ಲ. ಇಷ್ಟು ದೊಡ್ಡ ದೇಹ, ಇಷ್ಟು ನಿಧಾನ ಎಂದು ಇದೇ ಊರಿನವರು ಹೇಳುತ್ತಿದ್ದರಂತೆ. 2011ರ ಫೈನಲ್‌ನಲ್ಲಿ ಅವನು ಮೂರು ಗೋಲ್ ಹೊಡೆದ ಮೇಲೆ ಆ ಮಾತು ನಿಂತಿತು. ಕೋಲ್ಮನ್ ಪದಕ ಅವನಿಗೆ ಮೊದಲ ಸಲ ಸಿಕ್ಕಿದ್ದು 2020ರಲ್ಲಿ, 32ನೇ ವಯಸ್ಸಿನಲ್ಲಿ.

ಎತ್ತರದ ಹುಡುಗರ ವಿಷಯದಲ್ಲಿ ಇದು ಹೆಚ್ಚಾಗಿ ಹೀಗೆಯೇ. ಮಧ್ಯದಲ್ಲಿ ಓಡಾಡುವ ಚಿಕ್ಕ ಆಟಗಾರ 19ರಲ್ಲೇ ದೊಡ್ಡವರ ಸಮಕ್ಕೆ ಆಡಿಯಾನು. ಕೀ ಫಾರ್ವರ್ಡ್ ಹಾಗಲ್ಲ. ಹದಿನೇಳರಲ್ಲಿ ಅವನಿಗೆ ಎತ್ತರ ಬಂದಿರುತ್ತದೆ, ತೂಕ ಬಂದಿರುವುದಿಲ್ಲ. ಎದುರಿಗೆ ಕಾವಲು ನಿಲ್ಲುವವನು ಇಪ್ಪತ್ತೆಂಟರ, ನೂರು ಕಿಲೋದ ಗಂಡಸು. ಶಾಲಾ ಪಂದ್ಯದಲ್ಲಿ ತಲೆಯ ಮೇಲಿಂದ ಸುಲಭವಾಗಿ ಹಿಡಿಯುತ್ತಿದ್ದ ಚೆಂಡು ಇಲ್ಲಿ ಕೈಗೆ ಬರುವುದಿಲ್ಲ. ಆಯ್ಕೆಗಾರರು ಇದಕ್ಕೆ ಮಾಡುವುದೇನು? 20 ಮೀಟರ್ ಓಟ, ನಿಂತಲ್ಲಿಂದ ಹಾರುವ ಎತ್ತರ, ಓಡಿ ಬಂದು ಹಾರುವ ಎತ್ತರ, 2 ಕಿಲೋಮೀಟರ್ ಓಟದ ಸಮಯ ಎಲ್ಲ ಅಳೆಯುತ್ತಾರೆ. ಹುಡುಗನ ಜೊತೆ, ಮನೆಯವರ ಜೊತೆ, ಕೋಚ್ ಜೊತೆ ಮಾತಾಡುತ್ತಾರೆ. ಇನ್ನೂ ಐದು ವರ್ಷ ಬಿಟ್ಟು ಆ ಭುಜ ಹೇಗಿದ್ದೀತು, ಆ ಮೊಣಕಾಲು ತಡೆದೀತಾ ಎಂಬುದಕ್ಕೆ ಅಳತೆಪಟ್ಟಿ ಇಲ್ಲ. ನಮಗೆ ಅನಿಸುವುದು, ಈ ಜಾಗದ ಹುಡುಗರನ್ನು 1, 2, 3 ಎಂದು ಜೋಡಿಸುವುದರಲ್ಲಿ ಅರ್ಧಕ್ಕರ್ಧ ಅಂದಾಜು. ಟಿವಿಯಲ್ಲಿ ಹೇಳುವವರ ದನಿಯಲ್ಲಿ ಮಾತ್ರ ಆ ಅನುಮಾನ ಕೇಳಿಸುವುದಿಲ್ಲ.

ಒಂದೇ ಕ್ಲಬ್ಬಿನ ಒಳಗೂ ಹೋಲಿಕೆ ತಪ್ಪಿದ್ದಲ್ಲ. 2004ರಲ್ಲಿ ಹಾಥಾರ್ನ್ 2ನೇ ನಂಬರಿಗೆ ಜ್ಯಾರಿಡ್ ರಫ್‌ಹೆಡ್, 5ನೇ ನಂಬರಿಗೆ ಲಾನ್ಸ್ ಫ್ರಾಂಕ್ಲಿನ್‌ನನ್ನು ತೆಗೆದುಕೊಂಡಿತು. 'ಬಡ್ಡಿ' ಫ್ರಾಂಕ್ಲಿನ್ ಹೆಸರು ಇಲ್ಲಿ ಕೇಳದವರಿಲ್ಲ. ಒಟ್ಟು 1,066 ಗೋಲ್. 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಸಾವಿರದ ಗೋಲ್ ಹೊಡೆದಾಗ ಜನ ಬೇಲಿ ಹಾರಿ ಮೈದಾನ ತುಂಬಿದರು. ಎದುರಾಳಿ ನಮ್ಮ ಜಿಲಾಂಗ್, ಆದರೂ ನಾವು ಕುಣಿದೆವು. ರಫ್‌ಹೆಡ್‌ನದು 578 ಗೋಲ್, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಪ್ ಎಣಿಸಿದರೆ ರಫ್‌ಹೆಡ್ ಬಳಿ ನಾಲ್ಕು, ಫ್ರಾಂಕ್ಲಿನ್ ಬಳಿ ಎರಡು. ಚರ್ಮದ ಕ್ಯಾನ್ಸರ್ ಬಂದು 2016ರ ಋತು ಪೂರ್ತಿ ಚಿಕಿತ್ಸೆಯಲ್ಲಿದ್ದ ರಫ್‌ಹೆಡ್ 2017ರಲ್ಲಿ ತಿರುಗಿ ಬಂದದ್ದು ಕ್ಯಾಪ್ಟನ್ ಆಗಿ. ದೊಡ್ಡವಳ ಓಟು ರಫ್‌ಹೆಡ್‌ಗೆ. ನರ್ಸ್‌ಗಳ ಓಟು ಯಾವಾಗಲೂ ಹೀಗೆ ಎಂದು ಚಿಕ್ಕವ ತಮಾಷೆ ಮಾಡುತ್ತಾನೆ.

ಈಗ ಹೇಳುವ ಇಬ್ಬರ ಬಗ್ಗೆ ತಮಾಷೆ ಬರುವುದಿಲ್ಲ. 2013ರ ಮೊದಲನೇ ನಂಬರ್ ಟಾಮ್ ಬಾಯ್ಡ್, 2014ರ ಮೊದಲನೇ ನಂಬರ್ ಪ್ಯಾಡಿ ಮೆಕಾರ್ಟಿನ್. ಇಬ್ಬರೂ ಕೀ ಫಾರ್ವರ್ಡ್.

ಬಾಯ್ಡ್ ಮೊದಲು ಸೇರಿದ್ದು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ. ಅಲ್ಲಿ 9 ಪಂದ್ಯ ಆಡುವಷ್ಟರಲ್ಲಿ ಮೆಲ್ಬರ್ನ್‌ನ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ ಏಳು ವರ್ಷದ ಭಾರೀ ಮೊತ್ತದ ಒಪ್ಪಂದ ಕೊಟ್ಟು ಕರೆದುಕೊಂಡಿತು. ಹುಡುಗನಿಗೆ ಆಗ 19. ಅಂದಿನಿಂದ ಅವನು ಒಂದು ಚೆಂಡು ಬಿಟ್ಟರೂ ಜನ ದುಡ್ಡಿನ ಲೆಕ್ಕ ತೆಗೆದರು. 2016ರ ಫೈನಲ್‌ನಲ್ಲಿ ಅವನು ಮೂರು ಗೋಲ್ ಹೊಡೆದ. ಕೊನೆಯದು ತುಂಬಾ ದೂರದಿಂದ, ಚೆಂಡು ಪುಟಿದು ಪುಟಿದು ಖಾಲಿ ಗೋಲಿನೊಳಗೆ ಉರುಳಿತು. ಬುಲ್‌ಡಾಗ್ಸ್‌ಗೆ 1954ರ ನಂತರ ಅದೇ ಮೊದಲ ಕಪ್. ಇಲ್ಲಿಗೆ ಕತೆ ನಿಲ್ಲಿಸಿದರೆ ಸಿನಿಮಾ. ಮರುವರ್ಷವೇ ಬಾಯ್ಡ್ ಮಾನಸಿಕ ಆರೋಗ್ಯದ ಕಾರಣಕ್ಕೆ ಆಟದಿಂದ ಬಿಡುವು ತೆಗೆದುಕೊಂಡ. 2019ರ ಮೇ ತಿಂಗಳಲ್ಲಿ, ಒಪ್ಪಂದ ಇನ್ನೂ ಬಾಕಿ ಇರುವಾಗಲೇ, 23ನೇ ವಯಸ್ಸಿಗೆ ಆಟ ಬಿಟ್ಟ. ಆಮೇಲೆ ತನಗಾದದ್ದನ್ನು ಪುಸ್ತಕದಲ್ಲಿ ಬರೆದ, ಅಲ್ಲಲ್ಲಿ ಹೋಗಿ ಮಾತಾಡುತ್ತಾನೆ. ಹಣ ಬಿಟ್ಟು ಹೋದ ಹುಡುಗ ಎಂದು ಕೆಲವರು ಇಂದಿಗೂ ಹುಬ್ಬೇರಿಸುತ್ತಾರೆ. ನಿದ್ದೆ ಇಲ್ಲದ ರಾತ್ರಿ ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಹಾಗೆ ಹೇಳಿಯಾರು.

ಮೆಕಾರ್ಟಿನ್ ನಮ್ಮ ಊರಿನವನು, ಜಿಲಾಂಗ್ ಫಾಲ್ಕನ್ಸ್‌ಗೆ ಆಡಿ ಬೆಳೆದವನು. ಬಾಲ್ಯದಿಂದಲೇ ಟೈಪ್ 1 ಡಯಾಬಿಟಿಸ್. ಸೇಂಟ್ ಕಿಲ್ಡಾ ಕ್ಲಬ್ಬಿಗೆ ಆ ವರ್ಷ ಮೊದಲ ಆಯ್ಕೆ, ಎದುರಿಗಿದ್ದ ಇನ್ನೊಂದು ಹೆಸರು ಕ್ರಿಶ್ಚಿಯನ್ ಪೆಟ್ರಾಕಾ. ಕೀ ಫಾರ್ವರ್ಡ್ ಬೇಕು ಎಂದು ಮೆಕಾರ್ಟಿನ್‌ನನ್ನು ಆರಿಸಿದರು. ಪೆಟ್ರಾಕಾ 2ನೇ ನಂಬರಿಗೆ ಮೆಲ್ಬರ್ನ್‌ಗೆ ಹೋದ. ಮೊದಲ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಲ್ಲೇ ಕಳೆದ. 2021ರಲ್ಲಿ ಮೆಲ್ಬರ್ನ್ 57 ವರ್ಷದ ನಂತರ ಕಪ್ ಗೆದ್ದಾಗ ಫೈನಲ್‌ನ ಅತ್ಯುತ್ತಮ ಆಟಗಾರ ಅವನೇ. ಆ ಹೊತ್ತಿಗೆ ಮೆಕಾರ್ಟಿನ್ ಯಾವ ಎಎಫ್‌ಎಲ್ ಕ್ಲಬ್ಬಿನ ಪಟ್ಟಿಯಲ್ಲೂ ಇರಲಿಲ್ಲ. ತಲೆಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಸೇಂಟ್ ಕಿಲ್ಡಾಗೆ 35 ಪಂದ್ಯ ಆಡುವಷ್ಟರಲ್ಲಿ ಅವನು ಕುಸಿದಿದ್ದ. 2022ರಲ್ಲಿ ಸಿಡ್ನಿ ಕ್ಲಬ್ ಅವನನ್ನು ಕರೆದು ಹಿಂದಿನ ಸಾಲಿನಲ್ಲಿ, ಕಾವಲುಗಾರನಾಗಿ ನಿಲ್ಲಿಸಿತು. ಪಕ್ಕದಲ್ಲೇ ಅವನ ತಮ್ಮ ಟಾಮ್ ಮೆಕಾರ್ಟಿನ್. ಅಣ್ಣ-ತಮ್ಮ ಇಬ್ಬರೂ ಆ ವರ್ಷದ ಫೈನಲ್ ಆಡಿದರು. ಎದುರಿಗಿದ್ದದ್ದು ಜಿಲಾಂಗ್, ಹಾಕಿನ್ಸ್ ಇದ್ದ ಜಿಲಾಂಗ್. 81 ಅಂಕದಿಂದ ನಾವು ಗೆದ್ದೆವು. ಮರುವರ್ಷ ಮೆಕಾರ್ಟಿನ್ ತಲೆಗೆ ಮತ್ತೊಂದು ಪೆಟ್ಟು ಬಿತ್ತು. ಆಗಸ್ಟ್‌ನಲ್ಲಿ ನಿವೃತ್ತಿ ಹೇಳಿದ.

"ಮೆಕಾರ್ಟಿನ್ ಬದಲು ಪೆಟ್ರಾಕಾ ತೆಗೆಯಬೇಕಿತ್ತು" ಎಂಬ ಮಾತು ಇಲ್ಲಿ ಬಸ್ಸಿನಲ್ಲಿ, ಕಾಫಿ ಅಂಗಡಿಯಲ್ಲಿ ಈಗಲೂ ಕೇಳಿಬರುತ್ತದೆ. ಕ್ಲಬ್ಬಿನ ಲೆಕ್ಕದಲ್ಲಿ ಅದು ನಿಜವೇ ಇರಬಹುದು. ಆದರೆ ಆ ವಾಕ್ಯದಲ್ಲಿ ಹುಡುಗ ಎಲ್ಲಿದ್ದಾನೆ? ಅವನು ತನ್ನನ್ನು ಮೊದಲು ಕೂಗಿ ಎಂದು ಯಾರ ಬಾಗಿಲಿಗೂ ಹೋಗಿರಲಿಲ್ಲ. ನಂಬರು ಕೊಟ್ಟವರು ಬೇರೆ, ಅದನ್ನು ಹೊತ್ತವನು ಬೇರೆ.

ಇದನ್ನು ಬರೆಯುವಾಗ ನಮಗೆ ಊರಿನ ಫ್ಲೆಕ್ಸ್ ಬೋರ್ಡ್‌ಗಳ ನೆನಪಾಗದೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪೇಟೆಯ ಪ್ರತಿ ತಿರುವಿನಲ್ಲೂ 'ಫುಲ್ ಎ ಪ್ಲಸ್' ಮಕ್ಕಳ ಫೋಟೋ. ನಮ್ಮ ಚಿಕ್ಕಪ್ಪನ ಮಗನಿಗೆ ಹತ್ತರಲ್ಲಿ ಒಂಬತ್ತು ವಿಷಯಕ್ಕೆ ಎ ಪ್ಲಸ್ ಬಂತು, ಒಂದಕ್ಕೆ ಎ. ಫೋಟೋ ಹಾಕಲಿಲ್ಲ. ಶಾಲೆಯವರು ಎಲ್ಲರನ್ನೂ ಹಾಕಲು ಆಗುವುದಿಲ್ಲ, ಅದೂ ಸರಿ. ಆದರೆ ಆ ಬೇಸಿಗೆ ಪೂರ್ತಿ ಅವನು ಬಸ್‌ಸ್ಟ್ಯಾಂಡ್ ಕಡೆಯ ದಾರಿ ಬಿಟ್ಟು ತೋಟದ ದಾರಿಯಲ್ಲೇ ನಡೆದ ಎಂದು ಚಿಕ್ಕಮ್ಮ ಹೇಳಿದ್ದರು. ಹದಿನೈದು ವರ್ಷದ ಹುಡುಗ. ನಮಗೆ ಅದು ಗೊತ್ತಾದದ್ದು ಎರಡು ವರ್ಷದ ನಂತರ, ಯಾವುದೋ ಮಾತಿನ ನಡುವೆ.

ಇಲ್ಲಿ ಹತ್ತಿರದಿಂದ ಕಂಡದ್ದೂ ಒಂದಿದೆ. ನಮ್ಮಲ್ಲಿ ಚಿಕ್ಕವನ ತರಗತಿಯಲ್ಲಿ ಒಬ್ಬ ಎತ್ತರದ ಹುಡುಗ, ಒಳ್ಳೆಯ ಮಾರ್ಕ್ ಹಿಡಿಯುವವನು. ಡ್ರಾಫ್ಟ್‌ಗೆ ಅವನ ಹೆಸರು ಬರುತ್ತದೆ ಎಂದು ಶಾಲೆಯಲ್ಲಿ ಎಲ್ಲರಿಗೂ ಖಾತ್ರಿ. ಡ್ರಾಫ್ಟ್ ನಡೆಯುವುದು ಎರಡು ರಾತ್ರಿ. ಮೊದಲ ರಾತ್ರಿ ಅವನ ಮನೆಯಲ್ಲಿ ನೆಂಟರು, ಗೆಳೆಯರು, ಅಂಗಳದಲ್ಲಿ ಸಾಸೇಜ್ ಸುಡುವ ಹೊಗೆ. ಹೆಸರು ಬರಲಿಲ್ಲ. ಎರಡನೇ ರಾತ್ರಿ ಅಪ್ಪ-ಅಮ್ಮ ಮತ್ತು ನಾಲ್ಕೈದು ಗೆಳೆಯರು. ಚಿಕ್ಕವನೂ ಇದ್ದ. ಕೊನೆಯ ಹೆಸರು ಕೂಗಿ ಕಾರ್ಯಕ್ರಮ ಮುಗಿಯಿತು. ಆ ಹುಡುಗ ಎದ್ದು ಹೋಗಿ ಪಾತ್ರೆ ತೊಳೆಯಲು ನಿಂತನಂತೆ. ಅವನ ಅಮ್ಮ ಪಕ್ಕಕ್ಕೆ ಬಂದು ಒರೆಸುವ ಬಟ್ಟೆ ಹಿಡಿದರು. ಯಾರೂ ಏನೂ ಹೇಳಲಿಲ್ಲ. ಈಗ ಅವನು ಪ್ಲಂಬಿಂಗ್ ಕಲಿಯುತ್ತಿದ್ದಾನೆ, ಶನಿವಾರ ಸ್ಥಳೀಯ ಲೀಗ್‌ನಲ್ಲಿ ಆಡುತ್ತಾನೆ. ಮೊನ್ನೆ ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಬಂದು ಸರಿಮಾಡಿ ಕೊಟ್ಟ. ದುಡ್ಡು ಬೇಡ ಎಂದ, ನೀರುದೋಸೆ ಕೋಳಿಸಾರು ಬೇಕು ಎಂದ. ಹನ್ನೊಂದು ದೋಸೆ ತಿಂದ.

ಹಾಗೆಂದು ನಾವು ಹೋಲಿಸುವುದು ಬಿಟ್ಟಿದ್ದೇವಾ? ಇಲ್ಲ. ಬಿಟ್ಟರೆ ಇಲ್ಲಿ ಊಟದ ಹೊತ್ತಿಗೆ ಮಾತಿಗೆ ವಿಷಯವೇ ಇರುವುದಿಲ್ಲ. ಸದ್ಯ ನಮ್ಮ ಮನೆಯ ಜಗಳ ಕಿಂಗ್ ಅವಳಿಗಳ ಮೇಲೆ. ಮ್ಯಾಕ್ಸ್ ಕಿಂಗ್, ಬೆನ್ ಕಿಂಗ್. 2000ದ ಜುಲೈಯಲ್ಲಿ ಒಂದೇ ದಿನ ಹುಟ್ಟಿದವರು, ಒಂದೇ ಶಾಲೆ, ಇಬ್ಬರೂ ಎರಡು ಮೀಟರ್ ದಾಟಿದವರು, ಇಬ್ಬರೂ ಕೀ ಫಾರ್ವರ್ಡ್. ಆಯ್ಕೆಗಾರರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಯಾರು ಕೊಟ್ಟಾರು? 2018ರ ಡ್ರಾಫ್ಟ್‌ನ ವರ್ಷ ಮ್ಯಾಕ್ಸ್‌ನ ಮೊಣಕಾಲಿನ ಅಸ್ಥಿರಜ್ಜು ಹರಿದು ಅವನು ಹೆಚ್ಚು ಆಡಲೇ ಇಲ್ಲ. ಆದರೂ ಸೇಂಟ್ ಕಿಲ್ಡಾ ಅವನನ್ನು 4ನೇ ನಂಬರಿಗೆ ತೆಗೆದುಕೊಂಡಿತು. ಆರೋಗ್ಯವಾಗಿದ್ದ ಬೆನ್ 6ನೇ ನಂಬರಿಗೆ ಗೋಲ್ಡ್ ಕೋಸ್ಟ್‌ಗೆ ಹೋದ. ಬೆನ್ 2019ರಲ್ಲೇ ಮೊದಲ ತಂಡಕ್ಕೆ ಆಡಿದ. ಮ್ಯಾಕ್ಸ್ 2020ರವರೆಗೆ ಕಾದ. 2022ರ ಋತು ಶುರುವಾಗುವ ಮೊದಲೇ ಬೆನ್‌ನ ಮೊಣಕಾಲಿಗೂ ಅದೇ ಪೆಟ್ಟು, ವರ್ಷ ಪೂರ್ತಿ ಹೊರಗೆ. ಆ ವರ್ಷ ಮ್ಯಾಕ್ಸ್ 52 ಗೋಲ್ ಹೊಡೆದ.

ಚಿಕ್ಕವನ ಆಯ್ಕೆ ಬೆನ್. ಗೋಲಿಗೆ ಗುರಿಯಿಡುವಾಗ ಅವನ ಕಾಲು ನೆಟ್ಟಗೆ ಎಂದು ವಾದ. ದೊಡ್ಡವಳ ಆಯ್ಕೆ ಮ್ಯಾಕ್ಸ್, ಮೇಲೆ ಬರುವ ಚೆಂಡಿಗೆ ಅವನ ಕೈ ಇನ್ನೂ ಚಂದ ಎಂದು. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಇಬ್ಬರ ಫೋಟೋ ತೋರಿಸಿ ಕೇಳಿದೆವು. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. "ಇವರಿಬ್ಬರೂ ಬೇರೆ ಬೇರೆ ಊರಿಗೆ ಹೋದದ್ದಾ? ಅವರ ಅಮ್ಮ ಯಾರ ಆಟ ನೋಡಲಿಕ್ಕೆ ಹೋಗ್ತಾಳೆ?" ಎಂದು ಕೇಳಿದರು. ಅದಕ್ಕೆ ನಮ್ಮಿಬ್ಬರ ಬಳಿಯೂ ಉತ್ತರ ಇರಲಿಲ್ಲ. ಈ ನವೆಂಬರ್‌ನ ಡ್ರಾಫ್ಟ್ ರಾತ್ರಿ ದೊಡ್ಡವಳಿಗೆ ನೈಟ್ ಡ್ಯೂಟಿ ಬಿದ್ದರೆ ಒಳ್ಳೆಯದು ಎಂದು ಪ್ರಾರ್ಥಿಸುತ್ತಿದ್ದೇವೆ. ಆರೈಕೆ ಮನೆಯ ಹಾಲ್‌ನ ಟಿವಿ ನಮ್ಮದಕ್ಕಿಂತ ದೊಡ್ಡದು, ಅಜ್ಜಂದಿರು ಮೊದಲೇ ಕುರ್ಚಿ ಹಿಡಿದಿಡುತ್ತಾರೆ.